ತಿದ್ದದ ವರ್ಷ

ನಮ್ಮಕ್ಕ ಡ್ರೈವಿಂಗ್ ಸ್ಕೂಲ್ ನಡೆಸುತ್ತಾಳೆ. ಈ ಊರಿನಲ್ಲಿ ಇಂದು ಕಾರು ಓಡಿಸುವವರಲ್ಲಿ ಮೂರರಲ್ಲಿ ಒಬ್ಬರಾದರೂ ಅವಳಿಂದ ಬೈಸಿಕೊಂಡವರೇ. ಅವಳ ಕಾರಿಗೆ ಎರಡು ಬ್ರೇಕ್. ಒಂದು ಕಲಿಯುವವರ ಕಾಲಡಿ, ಇನ್ನೊಂದು ಪಕ್ಕದಲ್ಲಿ ಕೂರುವ ಅವಳ ಕಾಲಡಿ. ಆ ಎರಡನೆಯದನ್ನು ಕೂರಿಸಿಕೊಟ್ಟವನು ನಾನು, ನನ್ನದು ಗ್ಯಾರೇಜು. ಅವಳ ಕಡೆಯ ಪೆಡಲಿನ ರಬ್ಬರ್ ಸವೆದು ಮೂರು ಸಲ ಬದಲಾಯಿಸಿದ್ದೇನೆ. ಕಲಿಯುವವರ ಕಡೆಯದು ಇನ್ನೂ ಹೊಸದರ ಹಾಗಿದೆ. ಇಷ್ಟು ಹೇಳಿದ ಮೇಲೆ ಅಕ್ಕನ ಸ್ವಭಾವದ ಬಗ್ಗೆ ಬೇರೆ ಹೇಳಬೇಕಾಗಿಲ್ಲ. ಆದರೂ ಹೇಳುತ್ತೇನೆ. ತಮ್ಮನಾಗಿ ಹುಟ್ಟಿದ್ದಕ್ಕೆ ಅಷ್ಟಾದರೂ ಹಕ್ಕು ಬೇಡವೇ?

ಅಕ್ಕ ಕಂಡದ್ದನ್ನೆಲ್ಲ ತಿದ್ದುತ್ತಾಳೆ. ಬೇಕರಿಯವನು ಪೊಟ್ಟಣಕ್ಕೆ ದಾರ ಸುತ್ತಿದರೆ ಗಂಟು ಬಿಚ್ಚಿಸಿ ಮತ್ತೆ ಹಾಕಿಸುತ್ತಾಳೆ. ಒಮ್ಮೆ ಬೆನ್ನುನೋವೆಂದು ಡಾಕ್ಟರ ಹತ್ತಿರ ಹೋದವಳು, ಡಾಕ್ಟರು ಕುರ್ಚಿಯಲ್ಲಿ ಬಾಗಿ ಕೂತಿದ್ದಾರೆಂದು ಅವರಿಗೇ ಬುದ್ಧಿ ಹೇಳಿ ಬಂದಳು. ಸಿಟ್ಟು ಬರುವುದು ಯಾಕೆಂದರೆ, ಹತ್ತರಲ್ಲಿ ಒಂಬತ್ತು ಸಲ ಅವಳು ಹೇಳಿದ್ದೇ ಸರಿಯಿರುತ್ತದೆ. ತಪ್ಪು ಹೇಳುವವರಾದರೆ ನಕ್ಕು ಸುಮ್ಮನಾಗಬಹುದಿತ್ತು.

ಇಂಥ ಅಕ್ಕನಿಗೆ ಒಂದು ಕಾಡಿತ್ತು.

ಕಾಡು ಎಂದರೆ ನಿಜವಾದ ಕಾಡಲ್ಲ. ಭಾನುವಾರ ಮಧ್ಯಾಹ್ನ ಡ್ರೈವಿಂಗ್ ಸ್ಕೂಲಿನ ತರಗತಿ ಖಾಲಿ ಇರುತ್ತದೆ. ಗೋಡೆಯ ತುಂಬ ರಸ್ತೆ ಚಿಹ್ನೆಗಳ ಪಟ, ನಡುವೆ ಒಂದು ದೊಡ್ಡ ಮರದ ಮೇಜು. ಆ ಮೇಜಿನ ಸುತ್ತ ನಾವು ಕೆಲವರು ಇಪ್ಪತ್ತಮೂರು ವರ್ಷದಿಂದ ಒಂದು ಆಟ ಆಡುತ್ತಿದ್ದೇವೆ. ಒಬ್ಬೊಬ್ಬರದು ಒಂದೊಂದು ಪಾತ್ರ. ಪಾತ್ರವಾಗಿಯೇ ಮಾತಾಡಬೇಕು, ಜಗಳವಾಡಬೇಕು, ಸಂಧಿ ಮಾಡಿಕೊಳ್ಳಬೇಕು. ಗೆಲ್ಲುತ್ತಾರೋ ಸೋಲುತ್ತಾರೋ ಎಂಬ ಅನುಮಾನ ಬಂದಾಗ ದಾಳ ಉರುಳಿಸಬೇಕು. ನಮ್ಮಂಥವೇ ಮೇಜುಗಳು ಇನ್ನೂ ಮೂರು ಊರುಗಳಲ್ಲಿವೆ. ನಾಲ್ಕು ಮೇಜಿಗೂ ಲೋಕ ಒಂದೇ. ಒಂದು ಮೇಜಿನಲ್ಲಿ ಸೇತುವೆ ಬಿದ್ದರೆ ನಾಲ್ಕು ಮೇಜಿಗೂ ಅದು ಬಿದ್ದ ಹಾಗೆ. ವರ್ಷಕ್ಕೊಮ್ಮೆ ಎಲ್ಲರ ಟಿಪ್ಪಣಿಗಳೂ ಸೇರಿ ಒಂದು ಪುಸ್ತಕವಾಗುತ್ತವೆ. ಅದರಲ್ಲಿ ಬರೆದದ್ದನ್ನು ಆಮೇಲೆ ಅಳಿಸುವಂತಿಲ್ಲ.

ನಮ್ಮ ಮೇಜಿನಲ್ಲಿ ಆಟ ನಡೆಸಿಕೊಡುವವರು ಗಣಿತದ ನಿವೃತ್ತ ಮೇಷ್ಟ್ರು. ಬೇಕರಿಯವನು ಊರೂರು ಅಲೆಯುವ ವ್ಯಾಪಾರಿ. ನಾನು ಗಣಿಯಲ್ಲಿ ವಾಸಿಸುವ ಕುಳ್ಳರ ದೊರೆ. ನಿಜದಲ್ಲಿ ಆರಡಿ ಎರಡಂಗುಲ ಇದ್ದೇನೆ, ನಗುವವರು ನಗಬಹುದು. ಅಕ್ಕನ ಪಾಲಿಗೆ ಬಂದದ್ದು ಎಲ್ಫ್‌ಗಳು. ಚೂಪು ಕಿವಿಯ, ಕಾಡಿನಲ್ಲಿ ಬಾಳುವ, ನಾನೂರು ಐನೂರು ವರ್ಷ ಬದುಕುವ ಜನ.

ಬೇರೆ ಕಡೆಯ ಎಲ್ಫ್‌ಗಳು ಬಿಲ್ಲು ಹಿಡಿದುಕೊಂಡು ಚಂದ್ರನನ್ನು ನೋಡುತ್ತ ನಿಂತಿರುತ್ತಾರಂತೆ. ಅಕ್ಕನಿಗೆ ಅಂಥವರನ್ನು ಕಂಡರಾಗದು. ಅವಳು ತನ್ನ ಜನಕ್ಕೆ ಮೊದಲು ಕೊಟ್ಟದ್ದು ದಾರಿಯ ನಿಯಮ: ಕಿರುದಾರಿಯಲ್ಲಿ ಇಬ್ಬರು ಎದುರಾದರೆ ಇಳಿಯುವವರು ಪಕ್ಕಕ್ಕೆ ನಿಲ್ಲಬೇಕು, ಏರುವವರಿಗೆ ಜಾಗ ಬಿಡಬೇಕು. ಇದು ಡ್ರೈವಿಂಗ್ ಸ್ಕೂಲಿನ ಮೂರನೇ ಪಾಠವೇ ಹೊರತು ಇನ್ನೇನಲ್ಲ. ಆಮೇಲೆ, ಕೂತು ಆಡಿದ್ದು ಬರೀ ಮಾತು, ಎದ್ದು ನಿಂತು ಎರಡೂ ಅಂಗೈ ಮರದ ಮೇಲಿಟ್ಟು ಆಡಿದ್ದು ಪ್ರಮಾಣ. ಅಂಥ ಪ್ರಮಾಣವನ್ನು ರದ್ದು ಮಾಡಲು ಒಂದೇ ಉಪಾಯ: ಅಲ್ಲೇ ಇರುವ ಹಿರಿಯ ಎಲ್ಫ್ ಎರಡು ನಿಮಿಷದೊಳಗೆ "ಕೂತ್ಕೋ" ಎನ್ನಬೇಕು. ಇನ್ನೊಂದು ವಿಚಿತ್ರವೆಂದರೆ ಆ ಜನ ಭೇಟಿಯಾದಾಗ ಏನೂ ಹೇಳುವುದಿಲ್ಲ, ಬೀಳ್ಕೊಡುವಾಗ ಮಾತ್ರ ಹೇಳುತ್ತಾರೆ, "ನಿನ್ನ ದಾರಿ ನಿನಗೆ ಗೊತ್ತು" ಎಂದು. ಯಾರಿಗೂ ಯಾವ ದಾರಿಯೂ ಗೊತ್ತಿಲ್ಲ ಎಂದು ನಂಬಿಯೇ ಬದುಕಿದ ನಮ್ಮಕ್ಕನ ತಲೆಗೆ ಇದು ಹೇಗೆ ಹೊಳೆಯಿತೋ ನನಗೆ ಈಗಲೂ ಅರ್ಥವಾಗಿಲ್ಲ. ಮೇಜಿನಾಚೆ ಆ ಮಾತು ಅವಳ ಬಾಯಿಂದ ಒಂದು ದಿನವೂ ಬಂದದ್ದಿಲ್ಲ.

ಕೊನೆಯದು ತಿದ್ದದ ವರ್ಷ. ಎಲ್ಫ್‌ಗಳ ಹಿರಿಯಳಿಗೆ ನಾನೂರು ತುಂಬಿದ ದಿನ ಅವಳು ತನ್ನ ಕೋಲನ್ನು ಕಿರಿಯಳೊಬ್ಬಳಿಗೆ ಕೊಡಬೇಕು. ಕೊಟ್ಟು ಎದ್ದುಹೋಗುವಂತಿಲ್ಲ. ಒಂದು ವರ್ಷ ಅದೇ ಸಭೆಯಲ್ಲಿ ಕೂತು ಎಲ್ಲವನ್ನೂ ನೋಡಬೇಕು, ಒಂದನ್ನೂ ತಿದ್ದಬಾರದು. ಬಾಯಿ ತಪ್ಪಿ ಒಂದು ಸಲ ತಿದ್ದಿದರೂ ಕೋಲು ಹಿರಿಯಳಿಗೇ ವಾಪಸ್, ಕಿರಿಯಳು ಅದನ್ನು ಮತ್ತೆಂದೂ ಮುಟ್ಟುವಂತಿಲ್ಲ. ಇದನ್ನು ಬರೆದಾಗ ಅಕ್ಕನಿಗೆ ಮೂವತ್ತೊಂದು. ಆಟದ ಹಿರಿಯಳಿಗೆ ಮುನ್ನೂರ ಎಪ್ಪತ್ತೆಂಟು ಎಂದು ಅವಳೇ ನಮೂದಿಸಿದಳು. ಅಲ್ಲಿಯ ಒಂದು ವರ್ಷ ಇಲ್ಲಿಯ ಒಂದು ವರ್ಷಕ್ಕೆ ಸಮ.

"ಇನ್ನೂ ಇಪ್ಪತ್ತೆರಡು ವರ್ಷ ಇದೆ ಬಿಡು," ಎಂದಳು ಆಗ. "ಅಷ್ಟು ದಿನ ಯಾರು ಈ ಆಟ ಆಡ್ತಾ ಕೂರ್ತಾರೆ?"

ನಾವು ಆಡುತ್ತ ಕೂತೆವು. ಎಲ್ಲರೂ ಮರೆತರೂ ನಾನು ಮರೆಯಲಿಲ್ಲ. ಕುಳ್ಳರ ದೊರೆಗೆ ಎಣಿಸುವುದು ಬಿಟ್ಟು ಬೇರೆ ಕೆಲಸವೇನಿದೆ? ಹೋದ ವರ್ಷ ಒಂದು ಭಾನುವಾರ ಚಹಾ ಹೀರುತ್ತ, "ಅಕ್ಕ, ಇವತ್ತಿಗೆ ನಿನ್ನ ಹಿರಿಯಳಿಗೆ ನಾನೂರು" ಎಂದೆ. ಮೇಷ್ಟ್ರು ಹಳೆಯ ಪುಸ್ತಕ ತೆಗೆದು ನೋಡಿ, ಕನ್ನಡಕ ಏರಿಸಿ, "ಲೆಕ್ಕ ಸರಿಯಿದೆ" ಎಂದರು. ಅಕ್ಕ ನನ್ನನ್ನು ನೋಡಿದ ನೋಟಕ್ಕೆ ಚಹಾ ಗಂಟಲಲ್ಲೇ ನಿಂತಿತು.

ಕೋಲು ಕೊಡುವುದು ಯಾರಿಗೆ? ನಮ್ಮ ಮೇಜಿನಲ್ಲಿ ಎಲ್ಫ್ ಆಗಿ ಆಡುವವರು ಬೇರೆ ಯಾರೂ ಇರಲಿಲ್ಲ. ಇದ್ದವಳು ಒಬ್ಬಳೇ, ಅವಳು ಹನ್ನೊಂದು ವರ್ಷದ ಹಿಂದೆಯೇ ದಾಳ ಕೆಳಗಿಟ್ಟು ಹೋಗಿದ್ದಳು: ಅಕ್ಕನ ಮಗಳು ಗುಬ್ಬಿ. ಹದಿನೈದರಲ್ಲಿ ಮೂರು ಭಾನುವಾರ ಬಂದು ಆಡಿದ್ದಳು. ಮೂರನೆಯ ದಿನ ಅಕ್ಕ ಒಂದೇ ಮಧ್ಯಾಹ್ನದಲ್ಲಿ ಏಳು ಸಲ ಅವಳ ಮಾತನ್ನು ನಡುವಿನಲ್ಲೇ ತುಂಡರಿಸಿದಳು. "ಎಲ್ಫ್ ಹಾಗೆ ನಗಲ್ಲ" ಎಂಬುದು ಏಳನೆಯದು. ಹುಡುಗಿ ಎದ್ದು ಹೋದಳು. ಡ್ರೈವಿಂಗ್ ವಿಷಯದಲ್ಲೂ ಅದೇ ಕಥೆ. ಮೂರು ಸಲ ತಾಯಿಯ ಹತ್ತಿರ ಕಲಿಯಲು ಕೂತಳು, ಮೂರು ಸಲವೂ ಮೊದಲ ತಿರುವಿನಲ್ಲೇ ಆ ಎರಡನೇ ಬ್ರೇಕ್ ಬಿತ್ತು. ಈಗ ಇಪ್ಪತ್ತಾರು, ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆಯುತ್ತಾಳೆ, ಬಸ್ಸಿನಲ್ಲಿ ಓಡಾಡುತ್ತಾಳೆ.

ಆ ಭಾನುವಾರ ಗುಬ್ಬಿ ಮನೆಯ ಬೀಗದ ಕೈ ಕೊಡಲು ಬಂದವಳು ಬಾಗಿಲಲ್ಲೇ ನಿಂತು ಎಲ್ಲವನ್ನೂ ಕೇಳಿಸಿಕೊಂಡಳು.

"ಅಂದ್ರೆ ಒಂದು ವರ್ಷ ಅಮ್ಮ ನನ್ನನ್ನ ತಿದ್ದೋ ಹಾಗಿಲ್ವಾ?"

"ಎಲ್ಫ್‌ಗಳ ವಿಷಯದಲ್ಲಿ ಇಲ್ಲ," ಎಂದರು ಮೇಷ್ಟ್ರು.

"ಹಾಗಾದ್ರೆ ಬರ್ತೀನಿ," ಎಂದು ಕುರ್ಚಿ ಎಳೆದುಕೊಂಡಳು.

ಅಕ್ಕ ಕೋಲು ಕೊಟ್ಟಳು. ಕೋಲೆಂದರೆ ಹಳೆಯ ಕಾರೊಂದರ ಗೇರ್ ಲಿವರ್, ನಾನೇ ಗ್ಯಾರೇಜಿನಿಂದ ತಂದುಕೊಟ್ಟದ್ದು. ಮಗಳ ಕೈಗೆ ಅದನ್ನು ಇಡುವಾಗ ಅಕ್ಕನಿಗೆ ಆಸೆ ಎಷ್ಟಿತ್ತೋ ಹೆದರಿಕೆಯೂ ಅಷ್ಟೇ ಇತ್ತು. ಮಗಳು ಮತ್ತೆ ಈ ಮೇಜಿಗೆ ಬಂದಿದ್ದಾಳೆ. ಈ ಸಲ ಹೋದರೆ ಇನ್ನು ಬರುವುದಿಲ್ಲ. ಅದು ಅಕ್ಕನಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

ಅಲ್ಲಿಂದ ಶುರುವಾಯಿತು ನೋಡಿ ತಮಾಷೆ. ಗೋಡೆಯ ಪಕ್ಕದ ಬೆಂಚಿನಲ್ಲಿ, 'ಹಾರ್ನ್ ಮಾಡಬೇಡಿ' ಎಂಬ ಪಟದ ಕೆಳಗೆ, ಅಕ್ಕ ಬಾಯಿಗೆ ಬೀಗ ಹಾಕಿಕೊಂಡು ಕೂತಳು. ಬಾಯಿ ಸುಮ್ಮನಿತ್ತು, ಬಲಗಾಲು ಸುಮ್ಮನಿರಲಿಲ್ಲ. ಗುಬ್ಬಿ ಏನಾದರೂ ತಪ್ಪಿದ ಕೂಡಲೇ ಆ ಪಾದ ನೆಲವನ್ನು ಒತ್ತುತ್ತಿತ್ತು. ಇಳಿಯುವ ಎಲ್ಫ್‌ಗೆ ದಾರಿ ಬಿಡಿಸಿದಳು, ಒತ್ತು. ಬೀಳ್ಕೊಡುವ ಮಾತನ್ನು ಬಂದ ಕೂಡಲೇ ಹೇಳಿಬಿಟ್ಟಳು, ಮತ್ತೆ ಒತ್ತು. ಬೇಕರಿಯವನು ದಾಳ ಬಿಟ್ಟು ಅಕ್ಕನ ಚಪ್ಪಲಿಯನ್ನೇ ನೋಡತೊಡಗಿದ.

ಆರನೆಯ ಭಾನುವಾರವೋ ಏಳನೆಯದೋ ಇರಬೇಕು, ಗುಬ್ಬಿ ಆಟದ ನಕಾಶೆಯ ಮೇಲೆ ಬೆರಳಾಡಿಸುತ್ತ, "ಈ ಕಾಡಲ್ಲಿ ಮಕ್ಕಳೆಲ್ಲಿ?" ಎಂದು ಕೇಳಿದಳು. ಇಪ್ಪತ್ತೆರಡು ವರ್ಷದ ಟಿಪ್ಪಣಿ ತಿರುವಿ ಹಾಕಿದರೂ ಒಂದು ಎಲ್ಫ್ ಮಗು ಸಿಗಲಿಲ್ಲ. ಮಕ್ಕಳೆಂದರೆ ಸಾಲು ತಪ್ಪುವವರು, ಗಲಾಟೆ ಮಾಡುವವರು. ಅಕ್ಕನಿಗೆ ಅವರ ನೆನಪೇ ಆಗಿರಲಿಲ್ಲ. ಮರುವಾರವೇ ಗುಬ್ಬಿಯ ಕಾಡಿನಲ್ಲಿ ಮೂವತ್ತು ಮಕ್ಕಳು ಹುಟ್ಟಿಕೊಂಡವು. ಅದರಲ್ಲೊಂದು ಹುಡುಗಿ ಬಾಯಿ ತೆರೆದರೆ ಬರೀ ಸುಳ್ಳು. ಗಣಿಯಲ್ಲಿ ಹುಲಿ ಇದೆ ಎಂದು ಹಬ್ಬಿಸಿ ನನ್ನ ಕುಳ್ಳರನ್ನೆಲ್ಲ ಎರಡು ವಾರ ಹೊರಗೆ ಮಲಗಿಸಿತು ಆ ಪಿಶಾಚಿ. ನಾನು ಕೂಗಾಡುತ್ತಿದ್ದಾಗ ಬೆಂಚಿನ ಕಡೆಯಿಂದ ಕಿಸಕ್ಕೆಂದು ಸದ್ದು ಬಂತು. ತಿರುಗಿದರೆ ಅಕ್ಕ ಸೆರಗು ಬಾಯಿಗೆ ಒತ್ತಿಕೊಂಡಿದ್ದಳು.

ಹೀಗೆ ನಲವತ್ತೊಂಬತ್ತು ಭಾನುವಾರ ಕಳೆದವು. ಉಳಿದದ್ದು ಮೂರು.

ಐವತ್ತನೆಯ ಭಾನುವಾರ ಕೆಡಿಸಿದವನು ನಾನು, ಒಪ್ಪಿಕೊಳ್ಳುತ್ತೇನೆ. ಆರು ವಾರದಿಂದ ನನ್ನ ಗಣಿಗೆ ಆಸರೆಕಂಬ ಬೇಕು, ಮರ ಕೊಡು ಎಂದು ಎಲ್ಫ್‌ಗಳನ್ನು ಪೀಡಿಸುತ್ತಿದ್ದೆ. ಗುಬ್ಬಿ ಪ್ರತಿ ಸಲ "ಯೋಚಿಸ್ತೀವಿ" ಎನ್ನುತ್ತಿದ್ದಳು. ಆ ದಿನ ನಾಲಿಗೆ ಹರಿಯಬಿಟ್ಟೆ.

"ಹಳೇ ಹಿರಿಯಳಿದ್ದಾಗ ಒಂದು ಉತ್ತರ ಅಂತ ಸಿಗ್ತಿತ್ತು. ಈಗಿನೋರಿಗೆ ಕೋಲು ಹಿಡಿಯೋಕೆ ಮಾತ್ರ ಬರುತ್ತೆ."

ಗುಬ್ಬಿಯ ಮುಖ ಕೆಂಪಾಯಿತು. ಕುರ್ಚಿ ಹಿಂದಕ್ಕೆ ಸರಿಯಿತು. ಎದ್ದು ನಿಂತು ಎರಡೂ ಅಂಗೈಯನ್ನು ಮೇಜಿಗೆ ಬಡಿದಳು.

"ತಗೋ ಕುಳ್ಳ! ಇಡೀ ಕಾಡೇ ತಗೋ! ನಾವು ಬಿಟ್ಟು ಹೋಗ್ತೀವಿ, ನೀನೇ ಇಟ್ಕೋ!"

ಸಿಟ್ಟಿನಲ್ಲಿ ಯಾರಾದರೂ ಹಾಗೆ ಅನ್ನುತ್ತಾರೆ. ಆದರೆ ಮೇಷ್ಟ್ರ ಪೆನ್ನು ನಿಂತುಬಿಟ್ಟಿತು. ಅವಳು ನಿಂತಿದ್ದಳು. ಎರಡೂ ಅಂಗೈ ಮರದ ಮೇಲಿದ್ದವು. 'ಮಾಮ' ಎನ್ನದೆ 'ಕುಳ್ಳ' ಎಂದಿದ್ದಳು, ಅಂದರೆ ಆಟದೊಳಗೇ ಆಡಿದ ಮಾತು. ಗುಬ್ಬಿಗೂ ತಿಳಿಯಿತು. ತನ್ನ ಕೈಗಳನ್ನೇ ನೋಡಿಕೊಂಡು ನಿಂತಳು. ಅವನ್ನು ಮೇಜಿನಿಂದ ತೆಗೆಯಲೂ ಅವಳಿಗೆ ಧೈರ್ಯ ಬರಲಿಲ್ಲ.

"ನನಗೆ ಬೇಡ ಮೇಷ್ಟ್ರೇ," ಎಂದೆ ತಡಬಡಾಯಿಸಿ. "ನಾಲ್ಕು ಕಂಬ ಸಾಕು ನನಗೆ. ಕಾಡು ತಗೊಂಡು ಏನ್ಮಾಡ್ಲಿ?"

"ಪ್ರಮಾಣ ಕೊಟ್ಟವರದ್ದು. ಬೇಡ ಅನ್ನೋ ಹಕ್ಕು ತಗೊಳ್ಳೋರಿಗಿಲ್ಲ," ಎಂದರು ಮೇಷ್ಟ್ರು. "ನಿಮ್ಮಕ್ಕನೇ ಬರೆದದ್ದು."

ಬೇಕರಿಯವನು ಬೆಂಚಿನ ಕಡೆ ಹೊರಳಿದ. "ಅಕ್ಕ, ಕೂತ್ಕೋ ಅಂತ ಒಂದು ಮಾತು ಅಂದ್ಬಿಡಿ. ಕಾಡು ಉಳಿಯುತ್ತೆ."

ಉಳಿಯುತ್ತಿತ್ತು ನಿಜ. ಆದರೆ ಆ ಮಾತೂ ತಿದ್ದಿದ್ದೇ ಆಗುತ್ತದೆ. ಕೋಲು ಅಕ್ಕನಿಗೆ ವಾಪಸ್ ಬರುತ್ತದೆ, ಗುಬ್ಬಿ ಅದನ್ನು ಇನ್ನೆಂದೂ ಮುಟ್ಟುವಂತಿಲ್ಲ. ಎಲ್ಲರ ಎದುರಿಗೆ, ಎಂಟನೆಯ ಸಲ.

ಆ ಕಾಡು ಏನೆಂದು ಹೊರಗಿನವರಿಗೆ ಗೊತ್ತಿರಲಿಕ್ಕಿಲ್ಲ. ಅಕ್ಕನ ಬೀರುವಿನಲ್ಲಿ ಹನ್ನೊಂದು ದಪ್ಪ ನೋಟ್‌ಬುಕ್ಕುಗಳಿವೆ. ಇನ್ನೂರಕ್ಕೂ ಹೆಚ್ಚು ಕಿರುದಾರಿಗಳು, ಪ್ರತಿಯೊಂದರ ಏರು ಎಷ್ಟು, ತಿರುವು ಎಲ್ಲಿ, ಯಾವ ಮರದಡಿ ಕೂತರೆ ನೆರಳು, ಎಲ್ಲವೂ ಬರೆದಿದೆ. ನಮ್ಮಮ್ಮ ಹಾಸಿಗೆ ಹಿಡಿದ ಏಳು ತಿಂಗಳು ಅಕ್ಕ ಪಕ್ಕದಲ್ಲಿ ಕೂತು ಉತ್ತರದ ತೋಪನ್ನು ಬರೆದಳು. ಅಮ್ಮನೇ ಹೇಳಿ ಅಲ್ಲೊಂದು ಕೊಳ ಹಾಕಿಸಿದ್ದಳು. ಅದೆಲ್ಲ ಈಗ ನನ್ನ ಪಾಲಾಗುತ್ತಿತ್ತು, ಅದೂ ಗಣಿಯ ಕಂಬಕ್ಕೆ. ನನಗೆ ಅಳುವೇ ಬಂತು.

ಅಕ್ಕ ಬಾಯಿ ತೆರೆದಳು. ಬಲಗಾಲು ನೆಲವನ್ನು ಎಷ್ಟು ಒತ್ತುತ್ತಿತ್ತೆಂದರೆ ಮೊಣಕಾಲು ನಡುಗುತ್ತಿತ್ತು. ಇಪ್ಪತ್ತೆಂಟು ವರ್ಷ ಆ ಎರಡನೇ ಬ್ರೇಕ್ ಒತ್ತಿದ ಕಾಲು ಅದು, ಹೇಗೆ ಸುಮ್ಮನಿದ್ದೀತು? ಆಮೇಲೆ ಬಾಯಿ ಮುಚ್ಚಿದಳು. ಎರಡೂ ಕೈಗಳನ್ನು ತೊಡೆಯ ಕೆಳಗೆ ಸಿಕ್ಕಿಸಿಕೊಂಡು, ಮಗಳನ್ನೇ ನೋಡುತ್ತ ಕೂತಳು. ಗಡಿಯಾರದ ಮುಳ್ಳು ಎರಡು ಗೆರೆ ದಾಟಿತು. ಅಷ್ಟರೊಳಗೆ ಹೇಳದಿದ್ದರೆ ಆಯಿತು, ಪ್ರಮಾಣ ಪ್ರಮಾಣವೇ.

ಗುಬ್ಬಿ ತಾಯಿಯ ಕಡೆ ತಿರುಗಿದಳು. ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆಯುವಾಗ ದಿನಕ್ಕೆ ನೂರು ಸಲ ಹೇಳುವ ಧಾಟಿಯಲ್ಲೇ ಮೆಲ್ಲಗೆ ಹೇಳಿದಳು.

"ಉಸಿರು ಬಿಡಮ್ಮ."

ಅಕ್ಕ ಉಸಿರು ಬಿಟ್ಟಳು. ಆಗಲೇ ನಮಗೆ ಗೊತ್ತಾದದ್ದು ಅವಳು ಅದನ್ನು ಹಿಡಿದುಕೊಂಡಿದ್ದಳು ಎಂದು.

ಗುಬ್ಬಿ ಕೂತಳು. ಕೋಲನ್ನು ತೊಡೆಯ ಮೇಲಿಟ್ಟುಕೊಂಡು, "ಮಾತು ಕೊಟ್ಟಿದ್ದೀನಿ ಮೇಷ್ಟ್ರೇ, ಬರ್ಕೊಳ್ಳಿ. ನಾವು ಹೊರಡ್ತೀವಿ" ಎಂದಳು.

ನಮ್ಮ ಆಟದಲ್ಲಿ ಬೊಂಬೆಗಳಿಲ್ಲ. ತರಗತಿಯಲ್ಲಿ ಚೌಕ ದಾಟುವ ಪಾಠಕ್ಕೆ ಇಟ್ಟ ಆಟಿಕೆ ಕಾರುಗಳೇ ನಮಗೆ ಸೈನ್ಯ, ಕುದುರೆ, ಎಲ್ಫ್ ಎಲ್ಲ. ನಕಾಶೆಯ ಹಸಿರು ಭಾಗದಿಂದ ಗುಬ್ಬಿ ಒಂದೊಂದೇ ಕಾರನ್ನು ಸರಿಸಿದಳು. ಮಕ್ಕಳನ್ನು ಮುಂದೆ ಬಿಟ್ಟಳು. ಸುಳ್ಳು ಹೇಳುವ ಹುಡುಗಿಯ ಕೆಂಪು ಕಾರು ಎಲ್ಲಕ್ಕಿಂತ ಮೊದಲು. ಒಂದೊಂದು ಕಾರೂ ನನ್ನೆದುರು ನಿಂತಾಗ "ನಿನ್ನ ದಾರಿ ನಿನಗೆ ಗೊತ್ತು" ಎಂದಳು. ಹದಿನೇಳು ಸಲ ಹೇಳಿದಳು, ಒಂದನ್ನೂ ಬಿಡಲಿಲ್ಲ. ಕುಳ್ಳರ ದೊರೆ ಹದಿನೇಳು ಸಲವೂ ತಲೆ ಬಾಗಿಸಿದ. ಕೊನೆಗೆ ಕಾರುಗಳೆಲ್ಲ ನಕಾಶೆಯ ಅಂಚು ದಾಟಿ ಬರೀ ಮೇಜಿನ ಮೇಲೆ ನಿಂತವು.

"ಇಲ್ಲಿ ಏನಿದೆ?" ಎಂದು ಕೇಳಿದಳು.

"ಗೊತ್ತಿಲ್ಲ. ಅಲ್ಲಿಗೆ ಯಾರೂ ಹೋಗಿಲ್ಲ, ಯಾರೂ ಬರೆದಿಲ್ಲ," ಎಂದರು ಮೇಷ್ಟ್ರು.

"ಸರಿ ಹಾಗಾದ್ರೆ. ನಾನು ಬರೀತೀನಿ."

ಆ ಸಂಜೆ ಅಕ್ಕನೂ ನಾನೂ ನಡೆದುಕೊಂಡೇ ಮನೆಗೆ ಹೊರಟೆವು. ಮೂರು ಬೀದಿ ದಾಟುವ ತನಕ ನಾನು ತಪ್ಪಾಯ್ತು ತಪ್ಪಾಯ್ತು ಎನ್ನುತ್ತಲೇ ಇದ್ದೆ. ಅವಳು ಬಾಯಿ ಬಿಟ್ಟದ್ದು ಅಂಚೆ ಕಚೇರಿಯ ತಿರುವಿನಲ್ಲಿ.

"ಕಾಡು ಈಗ ನಿಂದು. ಉತ್ತರದ ತೋಪಲ್ಲಿ ಮರ ಕಡಿಬೇಡ. ಕೊಳದ ಬದಿ ಒಡೆದುಹೋಗುತ್ತೆ."

"ಅಕ್ಕ, ತಿದ್ದಬಾರದು ಅಲ್ವಾ?"

"ಅವಳನ್ನ ತಿದ್ದಬಾರದು. ನಿನ್ನನ್ನ ತಿದ್ದಬಾರದು ಅಂತ ಎಲ್ಲೂ ಬರೆದಿಲ್ಲ," ಎಂದಳು. ಕಣ್ಣು ಒರೆಸಿಕೊಂಡಳು. ಆಮೇಲೆ ನಾನು ಪಾದಚಾರಿ ದಾರಿಯ ತಪ್ಪು ಬದಿಯಲ್ಲಿ ನಡೆಯುತ್ತಿದ್ದೇನೆಂದು ಬೈದಳು. ನನಗೆ ಜೀವ ಬಂದಂತಾಯಿತು.

ವರ್ಷ ಮುಗಿದ ಭಾನುವಾರ ಅಕ್ಕ ಕೈಯಲ್ಲಿ ಒಂದು ನೋಟ್‌ಬುಕ್ ಹಿಡಿದು ಬಂದಳು. ತಿದ್ದಬಾರದು ಎಂದಿತ್ತೇ ಹೊರತು ತಪ್ಪುಗಳನ್ನು ಬರೆದಿಡಬಾರದು ಎಂದಿರಲಿಲ್ಲ. ಪುಸ್ತಕದ ದಪ್ಪ ನೋಡಿಯೇ ಬೇಕರಿಯವನು ಕುರ್ಚಿಯಲ್ಲಿ ಕುಗ್ಗಿದ. ಗುಬ್ಬಿ ಕೋಲನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು.

"ಇವತ್ತಿಂದ ನೀವು ಮಾತಾಡಬಹುದಮ್ಮ," ಎಂದರು ಮೇಷ್ಟ್ರು.

ಅಕ್ಕ ನೋಟ್‌ಬುಕ್ ತೆರೆದು ನಾಲ್ಕು ಪುಟ ತಿರುವಿದಳು, ಮುಚ್ಚಿದಳು, ಬೆಂಚಿನ ಮೇಲಿಟ್ಟು ಅದರ ಮೇಲೇ ಕೂತಳು.

"ಆ ಆಚೆ ಕಡೆ," ಎಂದು ಮಗಳನ್ನು ಕೇಳಿದಳು, "ನೀರಿದೆಯಾ?"

"ಇದೆ. ದೊಡ್ಡ ಕೆರೆ."

"ಸರಿ."

ಅಷ್ಟೇ. ನಾನು ನನ್ನ ಕಿವಿಯನ್ನೇ ನಂಬಲಿಲ್ಲ.

ಮಾರನೆಯ ಬೆಳಿಗ್ಗೆ ಗ್ಯಾರೇಜಿನ ಬಾಗಿಲು ತೆರೆಯುತ್ತಿದ್ದಾಗ ತಾಯಿ ಮಗಳು ಇಬ್ಬರೂ ಬಂದು ನಿಂತಿದ್ದರು. ಗುಬ್ಬಿಯ ಪರ್ಸಿನಲ್ಲಿ ಕಲಿಯುವವರ ಪರವಾನಗಿ ಇತ್ತು, ಮೂರು ವಾರದ ಹಿಂದೆಯೇ ಮಾಡಿಸಿದ್ದಂತೆ.

"ನಿನ್ನ ಕಾರು ತೆಗಿ," ಎಂದಳು ಅಕ್ಕ ನನಗೆ. "ಅವಳು ಓಡಿಸ್ತಾಳೆ. ನೀನು ಪಕ್ಕದಲ್ಲಿ ಕೂತ್ಕೋ."

"ಸ್ಕೂಲಿನ ಕಾರಿಗೇನಾಯ್ತು? ನನ್ನದಕ್ಕೆ ಒಂದೇ ಬ್ರೇಕು."

"ಗೊತ್ತು," ಎಂದು ಅಕ್ಕ ಹಿಂದಿನ ಬಾಗಿಲು ತೆರೆದು ಹತ್ತಿದಳು. ಇಪ್ಪತ್ತೆಂಟು ವರ್ಷದಲ್ಲಿ ಅವಳು ಕಾರಿನ ಹಿಂದಿನ ಸೀಟಿನಲ್ಲಿ ಕೂತದ್ದನ್ನು ನಾನು ನೋಡಿದ್ದು ಅದೇ ಮೊದಲು. ಎಲ್ಲಿ ಕೈ ಇಡಬೇಕೆಂದೂ ತಿಳಿಯದೆ ಕೊನೆಗೆ ತೊಡೆಯ ಕೆಳಗೇ ಇಟ್ಟುಕೊಂಡಳು.

ಗ್ಯಾರೇಜಿನಿಂದ ಸ್ಕೂಲಿಗೆ ಹೋಗುವ ದಾರಿಯಲ್ಲಿ ಒಂದು ಕಡಿದಾದ ಏರಿದೆ. ನಡುವಿನಲ್ಲಿ ಕಾರು ಕೆಮ್ಮಿ ನಿಂತಿತು. ಮತ್ತೆ ಚಾಲೂ ಮಾಡಿದಳು, ಮತ್ತೆ ನಿಂತಿತು. ಹಿಂದೆ ಮೂರು ವಾಹನಗಳು ಹಾರ್ನ್ ಬಾರಿಸತೊಡಗಿದವು. ಕಾರು ಒಂದಡಿ ಹಿಂದಕ್ಕೆ ಜಾರಿತು. ವರ್ಷ ಮುಗಿದುಹೋಗಿತ್ತು, ಅಕ್ಕ ಏನು ಬೇಕಾದರೂ ಹೇಳಬಹುದಿತ್ತು, ಯಾವ ನಿಯಮವೂ ಅವಳನ್ನು ತಡೆಯುತ್ತಿರಲಿಲ್ಲ. ನಾನು ಕನ್ನಡಿಯಲ್ಲಿ ನೋಡಿದೆ. ಅವಳು ಕಿಟಕಿಯ ಹೊರಗೆ ನೋಡುತ್ತ ಕೂತಿದ್ದಳು.

ಗುಬ್ಬಿ ಹ್ಯಾಂಡ್‌ಬ್ರೇಕ್ ಎಳೆದಳು. ತಾನೇ ತನಗೆ "ಉಸಿರು ಹಿಡಿ" ಎಂದುಕೊಂಡಳು. ಕ್ಲಚ್ಚನ್ನು ಅರ್ಧಕ್ಕೆ ಬಿಟ್ಟಳು, ಇಂಜಿನ್ನಿನ ಸದ್ದು ಬದಲಾಗುವ ತನಕ ಕಾದಳು, ಬ್ರೇಕ್ ಬಿಟ್ಟಳು. ಎದುರಿಗೆ ಇಳಿಯುತ್ತಿದ್ದ ಲಾರಿಯವನು ಪಕ್ಕಕ್ಕೆ ನಿಂತು ಜಾಗ ಕೊಟ್ಟ. ಅಕ್ಕನ ಶಿಷ್ಯನೇ ಇರಬೇಕು. ಕಾರು ಏರು ಹತ್ತಿತು.

ಸ್ಕೂಲಿನ ಮುಂದೆ ಅಕ್ಕ ಇಳಿದಳು. ಬಾಗಿಲು ಮುಚ್ಚಿ, ಸುತ್ತು ಬಂದು, ಮಗಳ ಕಿಟಕಿಯ ಹತ್ತಿರ ಬಾಗಿದಳು. ಈಗ ಶುರುವಾಗುತ್ತದೆ ಎಂದುಕೊಂಡೆ: ಕ್ಲಚ್ಚು, ಕನ್ನಡಿ, ಇಂಡಿಕೇಟರ್.

"ನಿನ್ನ ದಾರಿ ನಿನಗೆ ಗೊತ್ತು," ಎಂದಳು ಅಕ್ಕ. ಹೇಳಿದವಳೇ ತಿರುಗಿ ನೋಡದೆ ಮೆಟ್ಟಿಲು ಹತ್ತಿಹೋದಳು.

ಗುಬ್ಬಿ ಮೂಗು ಒರೆಸಿಕೊಂಡು, ಗೇರ್ ಹಾಕಿ ಆಸ್ಪತ್ರೆಯ ಕಡೆ ಹೊರಟಳು. ಮೊದಲ ತಿರುವಿನಲ್ಲಿ ಅವಳು ತುಸು ಜೋರಾಗಿಯೇ ತಿರುಗಿಸಿದಳು, ಆಗ ನೋಡಿಕೊಂಡೆ, ನನ್ನ ಬಲಗಾಲು ಖಾಲಿ ನೆಲವನ್ನು ಗಟ್ಟಿಯಾಗಿ ಒತ್ತಿ ಹಿಡಿದಿತ್ತು. ಮೆಲ್ಲಗೆ ಎತ್ತಿ ಸೀಟಿನ ಕೆಳಗೆ ಎಳೆದುಕೊಂಡೆ. ಈ ವಿಷಯ ಅಕ್ಕನಿಗೆ ಹೇಳಿಲ್ಲ, ಹೇಳುವುದೂ ಇಲ್ಲ.